ಹಗುರ ಕೋವಿ

ಹಿಟ್ಟು ತೂಗುವ ತಕ್ಕಡಿಯ ಮೇಲೆ ಕೋವಿಯ ಬೋಲ್ಟನ್ನಿಟ್ಟು ಅವನು ಮುಳ್ಳು ನಿಲ್ಲುವುದನ್ನೇ ಕಾಯುತ್ತಿದ್ದ. ಹೆಂಡತಿ ಹಿಂದೆ ಬಂದು ನಿಂತದ್ದು ಗೊತ್ತಾದರೂ ತಿರುಗಲಿಲ್ಲ. ತೋಟಾವನ್ನು ನಳಿಗೆಯೊಳಕ್ಕೆ ನೂಕಿ ಚಿಲಕ ಹಾಕುವ ಆ ಉಕ್ಕಿನ ತುಂಡಿನ ಹಿಡಿಕೆಯನ್ನು ಹೋದ ವಾರವಷ್ಟೇ ಕೊರೆಸಿ ಟೊಳ್ಳು ಮಾಡಿಸಿದ್ದ. ಮುಳ್ಳು ನಿಂತಿತು. ಉಗುರಿನಂಚಿನಷ್ಟು ಹಿಂದಕ್ಕೆ ಸರಿದಿತ್ತು. ಬೇರೆಯವರಿಗಾದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ, ಬಿದ್ದರೂ ಅರ್ಥವಾಗುತ್ತಿರಲಿಲ್ಲ. ಅರ್ಥ ಮಾಡಿಕೊಳ್ಳುವ ಜನರ ನಡುವೆ ತಾನು ಹುಟ್ಟಲಿಲ್ಲವಲ್ಲ ಎಂಬ ಹಳೆಯ ಕೊರಗು, ಅದರ ಹಿಂದೆಯೇ ಬರುವ ಹಳೆಯ ಹೆಮ್ಮೆ, ಎರಡೂ ಒಟ್ಟಿಗೇ ಬಂದವು.

"ರೀ, ತಕ್ಕಡಿ ಕೊಡ್ತೀರಾ? ಎಣ್ಣೆ ಮೆತ್ತಿದ್ರೆ ಒರೆಸಿ ಕೊಡಿ."

"ಎಣ್ಣೆ ಸುರಿಯೋಕೆ ಇದೇನು ನಿಮ್ಮಣ್ಣನ ಕೋವಿನಾ?"

"ನಮ್ಮಣ್ಣನ ಕೋವಿ ಈ ತಕ್ಕಡಿ ಮೇಲೆ ಹತ್ತಲ್ಲ ಬಿಡಿ," ಎಂದವಳು ತಕ್ಕಡಿ ಎತ್ತಿಕೊಂಡು, ಮೂಸಿ ನೋಡಿ, ತಟ್ಟೆಯನ್ನು ತೊಳೆಯಲು ಹಾಕಿದಳು. ಅವಳು ಮೂಸಿದ್ದು ಅವನಿಗೆ ನಾಟಿತು.

ಅವಳ ಅಣ್ಣನಿಗೆ ಒಂದು ಲಾರಿ ಇತ್ತು. ಹಾಗಾಗಿ ಅವನು ಇವನ ಪಾಲಿಗೆ ಲಾರಿ ಭಾವ. ಲಾರಿ ಭಾವನ ಕೋವಿಯನ್ನು ನೆನೆದರೇ ಇವನಿಗೆ ಮೈ ಉರಿಯುತ್ತಿತ್ತು. ಅಜ್ಜನ ಕಾಲದ್ದು. ಗುದ್ದಲಿ ಕಾವಿನಷ್ಟು ದಪ್ಪದ ನಳಿಗೆ, ಹೆಗಲಿಗೆ ಒತ್ತುವ ಮರದ ಮೇಲೆ ಯಾವಾಗಲೋ ಬಿದ್ದ ಹಸಿರು ಬಣ್ಣದ ಹನಿಗಳು. ಬೀಗ ಹಾಕಿದ ಕಪಾಟಿನಲ್ಲಿ ಮುರಿದ ಛತ್ರಿಗಳ ಜೊತೆ ವರ್ಷಪೂರ್ತಿ ನಿಂತಿರುತ್ತಿತ್ತು. ಬೇಟೆಯ ಕಾಲ ಬಂತೆಂದರೆ ಹೊಲಿಗೆ ಮೆಷಿನ್ನಿನ ಎಣ್ಣೆ ನಾಲ್ಕು ಹನಿ ಬಿಟ್ಟು ಅಂಗಿಯ ಚುಂಗಿನಿಂದ ಒರೆಸಿದರೆ ಮುಗಿಯಿತು ಅವನ ಆರೈಕೆ. ಥೂ! ಇವನಾದರೋ ಪ್ರತಿ ಸಲ ಬೋಲ್ಟ್ ಕಳಚಿ, ಹಿಂಬದಿಯಿಂದಲೇ ಸಲಾಕೆ ನೂಕಿ, ಹಳೆಯ ಬನಿಯನ್ನಿನಿಂದ ಚೌಕವಾಗಿ ಕತ್ತರಿಸಿದ ಚಿಂದಿಗಳು ಬೆಳ್ಳಗೆ ಹೊರಬರುವವರೆಗೆ ಉಜ್ಜುತ್ತಿದ್ದ. ಬಾಯಿ ಕಡೆಯಿಂದ ಸಲಾಕೆ ನೂಕಿದರೆ ನಳಿಗೆಯ ತುದಿ ಸವೆಯುತ್ತದೆಂದು ಲಾರಿ ಭಾವನಿಗೆ ಒಮ್ಮೆ ಹೇಳಿಕೊಟ್ಟಿದ್ದ. "ಹೌದಾ ಭಾವ? ಪಾಪ ಅದಕ್ಕೆ ಗೊತ್ತೇ ಇಲ್ಲ, ಹೊಡೀತಾನೇ ಇದೆ," ಎಂದಿದ್ದ ಅವನು. ಇಂಥವರ ಹತ್ತಿರ ಏನು ಮಾತಾಡುವುದು? ತನ್ನ ಕೋವಿಯ ಮರ ತೆಗೆಸಿ ಟೊಳ್ಳು ಫೈಬರಿನದ್ದು ಹಾಕಿಸಿದ್ದು, ನಳಿಗೆಯನ್ನು ಹೊರಗಿನಿಂದ ಸಣ್ಣಗೆ ಕಡೆಸಿದ್ದು, ಹೆಗಲಿಗೆ ಮೆತ್ತಗಿರಲೆಂದು ಕಂಪನಿಯವರೇ ಹಾಕಿದ್ದ ರಬ್ಬರ್ ದಿಂಬನ್ನು ಕಿತ್ತು ಎಸೆದದ್ದು, ಇವೆಲ್ಲ ಆ ಮನೆಯವರಿಗೆ ಊಟದ ಹೊತ್ತಿನ ತಮಾಷೆ. ಲಾರಿ ಭಾವ ಅದನ್ನು ಒಂದೇ ಬೆರಳಿನ ಮೇಲೆ ನಿಲ್ಲಿಸಿ, "ಭಾವ, ಇದಕ್ಕೊಂದು ದಾರ ಕಟ್ಟಿದ್ರೆ ಗಾಳಿಪಟ ಆಗುತ್ತಲ್ಲ," ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಇದೇ ಹೆಂಡತಿ. ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಕೈ ಅಡ್ಡ ಹಿಡಿದದ್ದೇ ಹೆಚ್ಚು ಅವಮಾನವೆನಿಸಿತ್ತು.

ಅವನದು ಕನ್ನಡಕದ ಅಂಗಡಿ. ಬರುವವರೆಲ್ಲ ಡಾಕ್ಟ್ರೇ ಎನ್ನುತ್ತಿದ್ದರು, ಅವನು ತಿದ್ದುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಅವರನ್ನು ಕೂರಿಸಿ, ಗಾಜು ಬದಲಿಸುತ್ತಾ, "ಇದು ಸ್ಪಷ್ಟವೋ, ಇದೋ?" ಎಂದು ಕೇಳುವುದು ಅವನ ದಿನದ ಕೆಲಸ. ಎಲ್ಲರೂ ಸುಳ್ಳು ಹೇಳುತ್ತಾರೆ. ಕಾಣದ ಅಕ್ಷರವನ್ನು ಊಹಿಸಿ ಹೇಳುತ್ತಾರೆ, ತಮಗಿಂತ ಮೊದಲಿನವನು ಓದಿದ್ದನ್ನು ಬಾಗಿಲಾಚೆಯಿಂದ ಕೇಳಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಪರೀಕ್ಷೆಯಲ್ಲಿ ಫೇಲಾದರೆ ಇವನೇನೋ ಬೆಂಚಿನ ಮೇಲೆ ನಿಲ್ಲಿಸುವವನ ಹಾಗೆ. ತಮ್ಮ ಕಣ್ಣಿಗೇ ಮೋಸ ಮಾಡಿಕೊಳ್ಳುವ ಇಂಥ ದಡ್ಡರನ್ನು ಕಂಡು ಕಂಡು ಅವನ ತುಟಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮೊನ್ನೆ ಮಾವನೂ ಬಂದಿದ್ದ. ಆ ಮುದುಕನ ಕಣ್ಣು ಎಷ್ಟು ಮಂಜಾಗಿತ್ತೆಂದರೆ ಎದುರಿನ ಅಕ್ಷರದ ಹಲಗೆಯನ್ನೇ ಕಿಟಕಿ ಎಂದುಕೊಂಡಿದ್ದ. ಆದರೂ ಗತ್ತು ಬಿಟ್ಟಿರಲಿಲ್ಲ. "ಮೇಲಿನ ಸಾಲು ಕಾಣುತ್ತೆ ಅಳಿಯಂದಿರೇ, ಕೆಳಗಿನದು ನನಗೆ ಬೇಕಾಗಿಲ್ಲ." ಇವನು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಾ, ತನ್ನ ಕೈಚಳಕ ಆ ಮನೆಯಲ್ಲಿ ಒಬ್ಬರಿಗಾದರೂ ತಿಳಿಯಲಿ ಎಂದು, ಅತ್ಯಂತ ಒಳ್ಳೆಯ ಗಾಜು ಹಾಕಿ ಕನ್ನಡಕ ಮಾಡಿಕೊಟ್ಟಿದ್ದ. ಇವತ್ತು ಆ ಕನ್ನಡಕ ಹಾಕಿಕೊಂಡೇ ಮುದುಕ ಬಂದು ಕಲ್ಲುಗಣಿಯಲ್ಲಿ ಕುರ್ಚಿಯ ಮೇಲೆ ಕೂರುವವನು.

ಬೇಟೆ ಶುರುವಾಗುವ ಮೊದಲು ಮಾವನ ಗುಂಪಿನವರೆಲ್ಲ ಆ ಪಾಳು ಗಣಿಯಲ್ಲಿ ಸೇರಿ, ಎದುರಿನ ಬಂಡೆಗೊರಗಿಸಿದ ಕಾಗದಕ್ಕೆ ತಲಾ ಎರಡು ಗುಂಡು ಹೊಡೆಯಬೇಕು. ಊಟದ ತಟ್ಟೆಯಷ್ಟಗಲದ ಕಪ್ಪು ಬೊಟ್ಟು. ಎರಡೂ ಗುಂಡು ಅದರೊಳಗೆ ಬಿದ್ದವನು ಕೋವಿ ಹಿಡಿದು ಗುಡ್ಡದ ಮೇಲೆ ಕೂರಬಹುದು. ಬೀಳದವನಿಗೆ ಆ ವರ್ಷ ಕೋವಿಯಿಲ್ಲ, ಒಂದು ಕೋಲು. ಪೊದೆ ಬಡಿಯುತ್ತಾ, ಹೋ ಎಂದು ಕೂಗುತ್ತಾ ಪ್ರಾಣಿಗಳನ್ನು ಮೇಲಕ್ಕೆ ಓಡಿಸಬೇಕು, ಮೇಲೆ ಕೂತವರು ಹೊಡೆಯುತ್ತಾರೆ. ಮದುವೆಯಾದ ಹೊಸದರಲ್ಲಿ, ಕೋವಿ ಇನ್ನೂ ಅಂಗಡಿಯಿಂದ ಬಂದ ಹಾಗೆಯೇ ಭಾರವಾಗಿದ್ದಾಗ, ಇವನು ಎಂದೂ ಕೋಲು ಹಿಡಿದವನಲ್ಲ. ಈ ವರ್ಷ ಮಾವ ಮಗಳ ಹತ್ತಿರ ಫೋನಿನಲ್ಲಿ ಹೇಳಿದ್ದ: "ಅಳಿಯಂದಿರು ಸ್ಕೋಪು ಸರಿ ಮಾಡಿಸಿಕೊಂಡಿದ್ರೆ ಬರ್ಲಿ, ನೋಡೋಣ." ನೋಡೋಣವಂತೆ! ಕೋಲು ಹಿಡಿದು ಲಾರಿ ಭಾವನಿಗಾಗಿ ಪೊದೆ ಬಡಿಯುವ ತನ್ನನ್ನು ಅವನು ನೆನೆದುಕೊಂಡ. ಅದಕ್ಕಿಂತ ಸಾಯುವುದು ಮೇಲು ಅನ್ನಿಸಿತು, ನಿಜವಾಗಿಯೇ ಅನ್ನಿಸಿತು.

ಹೋದ ವರ್ಷ ಸಂಜೆ ಬಿಸಿಲಿಗೆ ಆ ಗಂಡು ಜಿಂಕೆ ಪೂರ್ತಿ ಅಡ್ಡವಾಗಿ ನಿಂತಿತ್ತು. ಅಷ್ಟು ಹತ್ತಿರ, ಕಿವಿಯ ಅಂಚಿನ ಕೂದಲು ಕೋವಿಯ ಮೇಲೆ ಕೂರಿಸಿದ ಸ್ಕೋಪಿನ ಗಾಜಿನಲ್ಲಿ ಒಂದೊಂದಾಗಿ ಕಾಣುತ್ತಿತ್ತು. ಇವನು ಟ್ರಿಗರ್ ಎಳೆದ. ಆಮೇಲೆ ಕಂಡದ್ದು ಹಿಂಗಾಲು ಜೋಲಾಡಿಸಿಕೊಂಡು ಇಳಿಜಾರಿನಲ್ಲಿ ಉರುಳುತ್ತಾ ಏಳುತ್ತಾ ಹೋಗುತ್ತಿದ್ದ ಪ್ರಾಣಿ. ಮಧ್ಯದ ಕ್ಷಣ ಅವನಿಗೆ ನೆನಪಿರಲಿಲ್ಲ. ಅಲ್ಲೊಂದು ಕಪ್ಪು ಇತ್ತು, ಅಷ್ಟೆ. ಹೆಂಡತಿ ಮತ್ತು ಅವಳ ಅಣ್ಣ ರಕ್ತದ ಜಾಡು ಹಿಡಿದು ಇಳಿದರು. ಇವನು ಬಂಡೆಯ ಮೇಲೆ ಕೂತು, ಕಿಸೆಯಿಂದ ಚಿಕ್ಕ ತಿರುಪುಳಿ ತೆಗೆದು, ಸ್ಕೋಪಿನ ತಿರುಪನ್ನು ಮೊದಲು ಸಡಿಲ ಮಾಡಿದ. ಹೌದು, ಸಡಿಲ ಮಾಡಿದ. ಆಮೇಲೆ ಬಂದವರಿಗೆಲ್ಲ ಅಲ್ಲಾಡಿಸಿ ತೋರಿಸಿದ. "ನೋಡಿ, ಹೇಗೆ ಸಡಿಲ ಆಗಿದೆ! ಕಂಪನಿಯವರ ಹಣೆಬರಹ ಇದು." ಕತ್ತಲಾದ ಮೇಲೆ ಅವಳು ಮೊಣಕಾಲವರೆಗೆ ಕೆಸರಾಗಿ ಬಂದಳು. ಜಿಂಕೆ ಸಿಕ್ಕಿರಲಿಲ್ಲ. ಜೊಂಡಿನೊಳಗೆ ಅದು ಉಸಿರಾಡುವುದು ಕೇಳುತ್ತಿತ್ತು, ಆದರೆ ನೀರು ಆಳವಿತ್ತು ಎಂದಷ್ಟೇ ಹೇಳಿ ಕಾರಿನಲ್ಲಿ ಕೂತಿದ್ದಳು.

ಈಗಲೂ ಅವಳು ಕಾರಿನಲ್ಲಿ ಹಾಗೆಯೇ ಕೂತಿದ್ದಳು, ಮಡಿಲಲ್ಲಿ ಎರಡೂ ಕೈ. ಕೋವಿ ಚೀಲದೊಳಗೆ ಹಿಂದಿನ ಸೀಟಿನ ಮೇಲಿತ್ತು. ಸೀಟು ಒತ್ತಿಹೋಗದಷ್ಟು ಹಗುರ ಎಂದು ಕನ್ನಡಿಯಲ್ಲಿ ನೋಡಿ ಅವನಿಗೆ ಸಮಾಧಾನವಾಯಿತು. ಕೋವಿ ಹಗುರವಾದಷ್ಟೂ ಹೆಗಲಿಗೆ ಬೀಳುವ ಒದೆ ಜೋರು ಎಂಬ ಲೆಕ್ಕ ಅವನಿಗೆ ಗೊತ್ತಿಲ್ಲದ್ದೇನಲ್ಲ. ಬಲಹೆಗಲ ಮೇಲೆ ನೇರಳೆ ಬಣ್ಣದ ಕಲೆ ತಿಂಗಳಿನಿಂದ ಮಾಸಿರಲಿಲ್ಲ. ಸ್ನಾನದ ಮನೆಯಲ್ಲಿ ಮುಲಾಮು ಹಚ್ಚಿಕೊಳ್ಳುವಾಗ ಹೆಂಡತಿ ಟವೆಲ್ ಕೊಡಲು ಬಂದು ನೋಡಿದ್ದಳು. "ಕಪಾಟಿನ ಬಾಗಿಲು ತಗುಲ್ತು," ಎಂದಿದ್ದ. ಅವಳು ಕಪಾಟನ್ನೂ ನೋಡಿ ಅವನನ್ನೂ ನೋಡಿದ್ದಳು. ನೋವಿಗೆ ಹೆದರುವವನಲ್ಲ ತಾನು. ಮನೆಯಲ್ಲಿ ಪ್ರತಿದಿನ ಪೊಳ್ಳು ತೋಟಾ ಹಾಕಿ, ಕಪಾಟಿನ ಹಿಡಿಗೆ ಗುರಿಯಿಟ್ಟು, ಅಭ್ಯಾಸ ಮಾಡುತ್ತಿದ್ದ. ನೋಡಲು ನಿಜವಾದ ತೋಟಾದಂತೆಯೇ ಇರುವ, ಒಳಗೆ ಮದ್ದಿಲ್ಲದ ತೋಟಾ ಅದು. ನಳಿಗೆಯ ತುದಿಯಲ್ಲಿ ನಾಣ್ಯವೊಂದನ್ನು ನಿಲ್ಲಿಸಿ ಟ್ರಿಗರ್ ಎಳೆದರೆ ಟಿಕ್ ಎನ್ನುತ್ತಿತ್ತು, ನಾಣ್ಯ ಅಲುಗುತ್ತಿರಲಿಲ್ಲ. ಒಮ್ಮೆ ಹೆಂಡತಿಯನ್ನು ಕರೆದೂ ತೋರಿಸಿದ್ದ.

"ನೋಡಿದ್ಯಾ? ಕೈ ಅಂದ್ರೆ ಇದು."

"ಅದರಲ್ಲಿ ಮದ್ದಿಲ್ಲ ಅಂತ ನಿಮಗೆ ಗೊತ್ತಲ್ಲ," ಎಂದು ಅವಳು ಒಗೆದ ಬಟ್ಟೆ ಮಡಿಸತೊಡಗಿದ್ದಳು. ಹೆಂಗಸರ ಮಾತು. ಆದರೆ ಆ ಮಾತಿನ ಬಾಲ ಹಿಡಿದೇ ಅವನಿಗೆ ಉಪಾಯ ಹೊಳೆದದ್ದು. ಗುಂಡು ಹಾರುತ್ತದೆಂದು ನಂಬಿ ಟ್ರಿಗರ್ ಎಳೆದವನ ಕೋವಿಯಲ್ಲಿ ಪೊಳ್ಳು ತೋಟಾ ಇದ್ದರೆ? ಅಂಜುವ ಮನುಷ್ಯನಾದರೆ ಸದ್ದಿಗೆ, ಒದೆಗೆ ಮೊದಲೇ ಬೆಚ್ಚಿ ನಳಿಗೆಯನ್ನು ಕೆಳಕ್ಕೆ ಒತ್ತುತ್ತಾನೆ; ಗುಂಡು ಹಾರಿದಾಗ ಅದು ಒದೆಯಲ್ಲಿ ಮುಚ್ಚಿಹೋಗುತ್ತದೆ, ಹಾರದಿದ್ದರೆ ಬಟಾಬಯಲು. ಆಹಾ, ಲಾರಿ ಭಾವನ ಆ ದಪ್ಪ ಕುತ್ತಿಗೆ ಎಲ್ಲರೆದುರು ಬೆಚ್ಚುವುದನ್ನು ಕಣ್ತುಂಬ ನೋಡಬೇಕು. ಇಬ್ಬರ ಕೋವಿಯೂ ಒಂದೇ ಅಳತೆಯವು, ಒಬ್ಬರ ತೋಟಾ ಇನ್ನೊಬ್ಬರದಕ್ಕೆ ಆಗುತ್ತಿತ್ತು. ಗಣಿಯಲ್ಲಿ ಯಾರೂ ತಮ್ಮ ಕೋವಿಗೆ ತಾವೇ ತೋಟಾ ಹಾಕುವಂತಿಲ್ಲ ಎಂಬುದು ಮಾವನ ಕಟ್ಟುನಿಟ್ಟು. ಮೇಜಿನ ಬಳಿ ಒಬ್ಬರು ನಿಂತು ಒಂದೊಂದೇ ತುಂಬಿ ಕೊಡಬೇಕು. ಈ ಸಲ ಮೇಜು ಹೆಂಡತಿಯದು.

"ಇದನ್ನ ನಿಮ್ಮಣ್ಣನ ಕೋವಿಗೆ ಹಾಕು. ಸುಮ್ನೆ ತಮಾಷೆಗೆ," ಎಂದು ಅವನು ಕಾರು ಓಡಿಸುತ್ತಲೇ ಪೊಳ್ಳು ತೋಟಾವನ್ನು ಅವಳ ಅಂಗೈ ಮೇಲಿಟ್ಟ.

ಅವಳು ಅದನ್ನು ತಿರುಗಿಸಿ ನೋಡಿದಳು. "ತಮಾಷೆಗಾ?"

"ಅವನ ಜಂಬ ಇಳೀಲಿ ಅಂತ."

"ಸರಿ," ಎಂದಳು. ಕಿಟಕಿಯ ಕಡೆ ತಿರುಗಿಯೇ, "ಹೋದ ವರ್ಷದ ಹಾಗೆ ಇನ್ನೊಂದು ಸಲ ರಕ್ತದ ಹಿಂದೆ ನಾನು ನಡೆಯೋಲ್ಲ. ಹೇಳಿದ್ದೀನಿ. ಆ ಉಸಿರು ಇವತ್ತಿಗೂ ಕಿವಿಯಲ್ಲಿದೆ ನನಗೆ."

"ತಿರುಪು ಸಡಿಲ ಆಗಿತ್ತು ಅಂತ ಎಷ್ಟು ಸಲ ಹೇಳ್ಲಿ ನಿನಗೆ?"

"ಎಷ್ಟು ಸಲ ಹೇಳಿದ್ರೋ ಅಷ್ಟೂ ಸಲ ಕೇಳಿದ್ದೀನಲ್ಲ." ಅವಳು ತೋಟಾವನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು.

ಗಣಿಯಲ್ಲಿ ಆಗಲೇ ಎಲ್ಲ ಬಂದಿದ್ದರು. ಮಾವ ಮಡಿಸುವ ಕುರ್ಚಿಯಲ್ಲಿ ಹೊಸ ಕನ್ನಡಕ ಹಾಕಿಕೊಂಡು, ಪ್ರಪಂಚವನ್ನು ಈಗಷ್ಟೇ ಕೊಂಡುಕೊಂಡವನ ಹಾಗೆ ಕೂತಿದ್ದ. ಪಕ್ಕದಲ್ಲಿ ನಿವೃತ್ತ ಪೋಸ್ಟ್ ಮಾಸ್ತರು, ದುರ್ಬೀನಿನಲ್ಲಿ ಕಾಗದ ನೋಡಿ ಗುಂಡು ಎಲ್ಲಿ ಬಿತ್ತೆಂದು ಕೂಗಿ ಹೇಳುವುದು ಅವರ ಕೆಲಸ. ಜೀವಮಾನವಿಡೀ ಬೇರೆಯವರ ವಿಳಾಸ ಓದಿದ ಮನುಷ್ಯನಿಗೆ ತಕ್ಕ ಕೆಲಸ ಎಂದು ಇವನು ಮನಸ್ಸಿನಲ್ಲೇ ಕಿಸಕ್ಕೆಂದ. "ಬನ್ನಿ ಡಾಕ್ಟ್ರೇ, ಸ್ಕೋಪು ಹೇಗಿದೆ?" ಎಂದರು ಮಾಸ್ತರು. ಅದನ್ನೇ ಕೇಳುತ್ತಾರೆಂದು ಗೊತ್ತಿತ್ತು, ಆದರೂ ಕಿವಿ ಬಿಸಿಯಾಯಿತು. ಲಾರಿ ಭಾವನ ಸರದಿ ಮೊದಲು ಬಂತು. ಅವನು ಮರಳಿನ ಚೀಲದ ಹಿಂದೆ ಮಲಗಿದ. ಅವನ ಹೊಟ್ಟೆ ಒಂದು ಕಡೆ ಚೆಲ್ಲಿಕೊಂಡಿತು. ಮೊದಲ ಗುಂಡು ಬೊಟ್ಟಿನ ನಡುವೆ ಹೋಯಿತು. ಎರಡನೆಯದಕ್ಕೆ ಹೆಂಡತಿ ಬೆನ್ನು ತಿರುಗಿಸಿ, ತೋಟಾ ಹಾಕಿ, ಬೋಲ್ಟ್ ಮುಚ್ಚಿ, ಕೋವಿ ಕೊಟ್ಟಳು. ಲಾರಿ ಭಾವ ಟ್ರಿಗರ್ ಎಳೆದ. ಟಿಕ್.

ಏನೂ ಆಗಲಿಲ್ಲ. ನಳಿಗೆ ನೆಲದಿಂದಲೇ ಬೆಳೆದ ಹಾಗೆ ಇದ್ದಲ್ಲೇ ಇತ್ತು. ಲಾರಿ ಭಾವನ ರೆಪ್ಪೆ ಕೂಡ ಬಡಿಯಲಿಲ್ಲ. ಅವನು ಸ್ವಲ್ಪ ಹೊತ್ತು ಹಾಗೇ ಕಾದು, ಬೋಲ್ಟ್ ತೆಗೆದು, ಬಿದ್ದ ತೋಟಾವನ್ನು ನೋಡಿ, "ಪೊಳ್ಳು! ಯಾರ ಕೈವಾಡ ಇದು? ಭಾವನವರದ್ದೇ ಇರ್ಬೇಕು," ಎಂದು ಹೊಟ್ಟೆ ಕುಣಿಸಿ ನಕ್ಕ. ಕೋಪ ಮಾಡಿಕೊಳ್ಳಬಾರದೇ ಈ ಮನುಷ್ಯ, ಕೋಪವಾದರೂ ಮಾಡಿಕೊಳ್ಳಬಾರದೇ! ಹೆಂಡತಿ ಬಗ್ಗಿ ಪೊಳ್ಳು ತೋಟಾವನ್ನು ಹೆಕ್ಕಿ, ಧೂಳು ಊದಿ, ಮತ್ತೆ ಜೇಬಿಗೆ ಹಾಕಿಕೊಂಡಳು. ಇನ್ನೊಂದು ಗುಂಡು ಕೊಟ್ಟಳು, ಅದೂ ನಡುವಿಗೇ ಹೋಯಿತು. ಇವನು ನೋಡುತ್ತಿದ್ದುದು ಕಾಗದವನ್ನಲ್ಲ, ಅವಳ ಜೇಬನ್ನು.

ಮರಳಿನ ಚೀಲದ ಹಿಂದೆ ಮಲಗಿದಾಗ ಕಲ್ಲಿನ ಚೂರೊಂದು ಮೊಣಕೈಗೆ ಚುಚ್ಚುತ್ತಿತ್ತು. ಕತ್ತು ಹೊರಳಿಸಿ ನೋಡಿದ. ಬೆನ್ನು ತಿರುಗಿಸಿ ನಿಂತಿದ್ದ ಅವಳ ಮೊಣಕೈ ಮಡಚಿತು, ಕೈ ಜೇಬಿಗೆ ಹೋಯಿತು, ಹೊರಬಂತು. ಕಂಡೆ! ಅವನಿಗೆ ಎಷ್ಟು ನಿಚ್ಚಳವಾಗಿ ಕಂಡಿತೆಂದರೆ ನಗುವೇ ಬಂತು. ನನಗೇ ತಿರುಮಂತ್ರವೇ? ಮಾಡು ಮಾಡು. ಪೊಳ್ಳು ಎಂದು ಗೊತ್ತಿರುವವನನ್ನು ಬೆಚ್ಚಿಸುವುದು ಹೇಗೆ? ಕೋವಿ ಕೈಗೆ ಬಂತು. ಮೈಯೆಲ್ಲ ತಣ್ಣಗಾಯಿತು, ಕಪಾಟಿನ ಹಿಡಿಯ ಮುಂದೆ ಆಗುತ್ತಿದ್ದ ಹಾಗೆ. ನಳಿಗೆಯ ತುದಿಯಲ್ಲಿ ಇಲ್ಲದ ನಾಣ್ಯವೊಂದನ್ನು ನಿಲ್ಲಿಸಿಕೊಂಡ. ಕಪ್ಪು ಬೊಟ್ಟು ಸ್ಕೋಪಿನೊಳಗೆ ಬಂದು ಕೂತಿತು. ಬೆರಳು ಮೆಲ್ಲಗೆ, ಮೆಲ್ಲಗೆ ಹಿಂದಕ್ಕೆ ಬಂತು, ಗಣಿಯೆಲ್ಲ ಢಮಾರೆಂದಿತು, ಹೆಗಲಿಗೆ ಕತ್ತೆ ಒದ್ದಂತಾಯಿತು.

"ನಡುವಿಗೇ!" ಎಂದು ಮಾಸ್ತರು ಕೂಗಿದರು. "ನಟ್ಟನಡುವಿಗೆ! ಕಾಗದ ಅಳತೆ ಮಾಡಿ ಹೊಡೆದ ಹಾಗಿದೆ."

"ಭಲೇ ಭಾವ!" ಎಂದ ಲಾರಿ ಭಾವ. ಮನಸಾರೆ ಎಂದ, ಅದೂ ಕೇಳಿಸಿತು.

ಒಂದು ಕ್ಷಣ ಅವನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಆಮೇಲೆ ಸಂತೋಷ ಕಾಲಿನಿಂದ ಮೇಲಕ್ಕೆ ಏರಿತು. ನಿಜವಾದ ಗುಂಡು! ಜೇಬಿಗೆ ಹೋದ ಅವಳ ಕೈ ಬರಿದೇ ಹೊರಬಂದಿರಬೇಕು. ನಿಜವಾದ ಗುಂಡನ್ನು ನಟ್ಟನಡುವಿಗೆ ಹೊಡೆದವನು ತಾನು. ಅಷ್ಟೂ ದಿನ ಉಜ್ಜಿದ ಚಿಂದಿಗಳು, ಕೊರೆಸಿದ ಹಿಡಿಕೆ, ಕಡೆಸಿದ ನಳಿಗೆ, ಎಲ್ಲ ಸರಿಯಾಗಿತ್ತು. ತಪ್ಪಿದ್ದರೆ ತಿರುಪಿನದೇ ತಪ್ಪು. ಹೋದ ವರ್ಷ ತಿರುಪು ತಾನಾಗಿಯೇ ಸಡಿಲವಾಗಿತ್ತೆಂದು ಈಗ ಅವನಿಗೆ ಪೂರ್ತಿ ನಂಬಿಕೆ ಬಂತು. ಮಲಗಿದಲ್ಲಿಂದಲೇ ಅವರನ್ನೆಲ್ಲ ನೋಡಿದ: ಕುರ್ಚಿಯ ಮುದುಕ, ದುರ್ಬೀನಿನ ಮಾಸ್ತರು, ಹೊಟ್ಟೆಯ ಲಾರಿ ಭಾವ. ಪಾಪದವರು. ಒಂದು ಕೋವಿಯನ್ನು ನೆಟ್ಟಗೆ ಒರೆಸಲೂ ಬಾರದವರು. ಈ ವರ್ಷ ಗುಡ್ಡದ ತುದಿಯ ಜಾಗ ತನಗೇ ಬೇಕೆಂದು ಕೇಳುವುದು. ಕೇಳುವುದೇನು, ಅವರೇ ಕೊಡುತ್ತಾರೆ. ಕೋವಿಯನ್ನು ಅವಳ ಕೈಗೆ ಹಿಂದಕ್ಕೆ ಚಾಚಿದ. ಈ ಸಲ ಕತ್ತು ಹೊರಳಿಸಲಿಲ್ಲ. ಹೊರಳಿಸುವ ಅಗತ್ಯವೇ ಕಾಣಲಿಲ್ಲ.

ಕೋವಿ ಬಂತು. ಆದರೆ ಹೆಗಲಿಗೆ ಒತ್ತಿಕೊಂಡ ಕೂಡಲೇ ಕಲೆಯಿದ್ದ ಜಾಗ ಚುರುಕ್ಕೆಂದಿತು. ಈಗಷ್ಟೇ ಬಿದ್ದ ಒದೆ ಅಲ್ಲಿ ಇನ್ನೂ ಬೆಚ್ಚಗಿತ್ತು. ಕಪ್ಪು ಬೊಟ್ಟು ಸ್ಕೋಪಿನಲ್ಲಿ ಒಂದು ಕಡೆ ನಿಲ್ಲದೆ ಆಡುತ್ತಿತ್ತು. ಏನೂ ಇಲ್ಲ, ಏನೂ ಇಲ್ಲ, ಎಂದುಕೊಂಡ. ಬೊಟ್ಟು ಆ ಜಿಂಕೆಯ ಕಿವಿಯಂಚಿನ ಕೂದಲಿನಂತೆ ಒಂದು ಸಲ ನಿಚ್ಚಳವಾಯಿತು. ಎಳೆದ.

ಟಿಕ್.

ಕಪ್ಪು. ಒದೆಗಾಗಿ ಅವನು ಕಾದ. ಬರಲಿಲ್ಲ. ಹಲ್ಲು ಕಚ್ಚಿಕೊಂಡೇ ಇನ್ನೂ ಕಾದ. ಯಾಕಿಷ್ಟು ಕತ್ತಲೆ ಎಂದು ಮೊದಲು ಆಶ್ಚರ್ಯವಾಯಿತು, ಸ್ಕೋಪು ಕೆಟ್ಟಿತೇ ಎಂದೂ ಒಂದು ಯೋಚನೆ ಹಾದುಹೋಯಿತು. ಆಮೇಲೆ ತನ್ನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿವೆ ಎಂದು ತಿಳಿಯಿತು. ತೆರೆದ. ನಳಿಗೆಯ ತುದಿ ಮರಳಿನ ಚೀಲದಿಂದ ಜಾರಿ ಮುಂದಿನ ಮಣ್ಣಿಗೆ ಹೂತಿತ್ತು. ಎಡಗೈ ಅದನ್ನು ಇನ್ನೂ ಕೆಳಕ್ಕೆ ಒತ್ತುತ್ತಲೇ ಇತ್ತು. ಗಣಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ತಿರುಗಿ ಬೈಯಬಹುದಿತ್ತು. ಮಾಸ್ತರು ದುರ್ಬೀನನ್ನು ಕೆಳಗಿಳಿಸಿ ಅದರ ಗಾಜು ಒರೆಸತೊಡಗಿದರು.

ಹೆಂಡತಿ ಪಕ್ಕದಲ್ಲಿ ಮೊಣಕಾಲೂರಿದಳು. ಅವನ ಕೈಗಳನ್ನು ಬಿಡಿಸಿ, ಟೊಳ್ಳು ಹಿಡಿಕೆಯನ್ನು ಎತ್ತಿ, ಬೋಲ್ಟನ್ನು ಹಿಂದಕ್ಕೆಳೆದಳು. ಪೊಳ್ಳು ತೋಟಾ ಹೊರಬಿತ್ತು. ಅದನ್ನು ಹೆಕ್ಕಿ ಅವನ ಅಂಗಿಯ ಜೇಬಿಗೆ ಹಾಕಿದಳು.

"ಸ್ಕೋಪು ಸರಿಯಾಗೇ ಇದೆ," ಎಂದಳು, ಅವನಿಗಷ್ಟೇ ಕೇಳುವ ಹಾಗೆ. ಅವಳ ಕಣ್ಣಲ್ಲಿ ನೀರಿತ್ತು. ಅದು ತನಗಾಗಿಯಲ್ಲ, ಜೊಂಡಿನೊಳಗೆ ಉಸಿರಾಡುತ್ತಿದ್ದುದಕ್ಕಾಗಿ ಎಂದು ಅವನಿಗೆ ಗೊತ್ತಾಯಿತು.

ಅವನು ಎದ್ದು, ಮಂಡಿಯ ಧೂಳು ಕೊಡವಿ, ಮಾವನ ಕಡೆ ನೋಡಿದ. ದೂರವಿದೆ, ವಯಸ್ಸಾಗಿದೆ, ಬಿಸಿಲು ಎದುರಿಗೇ ಇದೆ. ಮುದುಕನಿಗೆ ಏನು ಕಂಡಿರುತ್ತದೆ? ಮಾವ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡ.

"ಗಾಜು ಬಹಳ ಚೆನ್ನಾಗಿದೆ ಅಳಿಯಂದಿರೇ," ಎಂದ, ವ್ಯಂಗ್ಯದ ಲವಲೇಶವಿಲ್ಲದೆ. "ಕೆಳಗಿನ ಸಾಲೂ ಕಾಣಿಸ್ತಿದೆ."

ಲಾರಿ ಭಾವ ಬಂಡೆಗೆ ಒರಗಿಸಿದ್ದ ಕೋಲುಗಳಲ್ಲಿ ಒಂದನ್ನು ಆರಿಸಿ, ಗಂಟು ಚುಚ್ಚದಂತೆ ಅಂಗೈಯಿಂದ ಸವರಿ, ತಂದು ಇವನ ಕೈಗೆ ಕೊಟ್ಟ. ಇವನು ತೆಗೆದುಕೊಂಡ. ತೆಗೆದುಕೊಂಡವನು ಸುಮ್ಮನಿರಬಾರದೇ? ಕೈ ಸುಮ್ಮನಿರಲಿಲ್ಲ, ಕೋಲನ್ನು ಅಂಗೈ ಮೇಲೆ ಅಡ್ಡವಾಗಿಟ್ಟು ಮೆಲ್ಲಗೆ ಎರಡು ಸಲ ಕುಣಿಸಿ ತೂಕ ನೋಡಿತು.

ಆಗ ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು, ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯದೆ.